ಸುಮ್ಮನಿರಲು ಗೊತ್ತಿದ್ದ ಕಾಮೆಂಟೇಟರ್

ಬೇಸ್‌ಬಾಲ್ ಬಗ್ಗೆ ನನ್ನ ಜ್ಞಾನ ಅಷ್ಟಕ್ಕಷ್ಟೇ. ಮೂರು ಸ್ಟ್ರೈಕ್ ಆದರೆ ಔಟ್, ಚೆಂಡು ಬೇಲಿ ದಾಟಿದರೆ ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ. ಇಷ್ಟು ಗೊತ್ತಾದದ್ದೂ ತಡವಾಗಿಯೇ. ಆದರೂ ಇವತ್ತು ಬರೆಯಲು ಹೊರಟಿರುವುದು ಒಬ್ಬ ಬೇಸ್‌ಬಾಲ್ ಕಾಮೆಂಟೇಟರ್ ಬಗ್ಗೆ. ಕಾರಣ ಹೇಳಿಬಿಡುತ್ತೇನೆ.

2015ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಹತ್ತಿರ ಇರುವ ಅಣ್ಣನ ಮಗನ ಮನೆಗೆ ಹೋಗಿದ್ದೆ. ಒಂದು ಸಂಜೆ ಕಾರು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿತು (ಟ್ರಾಫಿಕ್ ವಿಷಯದಲ್ಲಿ ನಮ್ಮ ಮುಂಬಯಿಗೂ ಆ ಊರಿಗೂ ಅಂಥ ವ್ಯತ್ಯಾಸವೇನಿಲ್ಲ). ಹುಡುಗ ರೇಡಿಯೋ ಹಾಕಿದ. ಒಬ್ಬ ಮುದುಕನ ದನಿ. ಕೂಗಾಟವಿಲ್ಲ, ಅವಸರವಿಲ್ಲ. ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತ ಹಿರಿಯರು ಮಾತಾಡುವ ಹಾಗೆ, ಯಾವನೋ ಆಟಗಾರನ ಊರಿನ ಕಥೆ ಹೇಳುತ್ತಾ ನಡುನಡುವೆ ಚೆಂಡಿನ ಲೆಕ್ಕ ಕೊಡುತ್ತಿದ್ದರು. "ಚಿಕ್ಕಪ್ಪ, ಇವರಿಗೆ 87 ವರ್ಷ. 1950ರಿಂದ ಇದೇ ಟೀಮಿಗೆ ಕಾಮೆಂಟರಿ ಹೇಳ್ತಿದ್ದಾರೆ" ಅಂದ ಹುಡುಗ. ನಾನು ಬಾಯಿ ಬಿಟ್ಟು ಕೇಳುತ್ತಿದ್ದೆ. ಮೂರು ಇನ್ನಿಂಗ್ಸ್ ಆಗುತ್ತಿದ್ದಂತೆ ದನಿ ಬದಲಾಯಿತು, ಬೇರೆ ಯಾರೋ ಬಂದರು. ಯಾಕೆಂದರೆ ಆ ಹಿರಿಯರ ಮಾತು ರೇಡಿಯೋದಲ್ಲಿ ಬರುತ್ತಿದ್ದದ್ದು ಮೊದಲ ಮೂರು ಇನ್ನಿಂಗ್ಸ್ ಮಾತ್ರ, ಉಳಿದದ್ದು ಟಿವಿಯಲ್ಲಿ. ಸರಿ, ಮನೆಗೆ ಹೋಗಿ ಟಿವಿಯಲ್ಲಿ ಕೇಳೋಣ ಅಂದೆ. "ನಮ್ಮ ಕೇಬಲ್‌ನಲ್ಲಿ ಆ ಚಾನೆಲ್ ಬರೋದಿಲ್ಲ" ಅಂದ!

57 ವರ್ಷದಿಂದ ಒಂದು ಊರಿಗೆ ಮಾತಾಡುತ್ತಾ ಬಂದ ಮನುಷ್ಯನ ಮಾತು ಆ ಊರಿನ ಮನೆಗಳಿಗೇ ಕೇಳಿಸುವುದಿಲ್ಲ ಎಂದರೆ ಏನು ಕಥೆ? ಮುಂಬಯಿಗೆ ಮರಳಿದ ಮೇಲೆ ಆ ದನಿಯ ಬೆನ್ನು ಹತ್ತಿ ಓದಿದೆ, ಹಳೆಯ ಧ್ವನಿಮುದ್ರಣಗಳನ್ನು ಹುಡುಕಿ ಕೇಳಿದೆ. ಅವರ ಹೆಸರು ವಿನ್ ಸ್ಕಲ್ಲಿ.

ಹುಟ್ಟಿದ್ದು 1927ರ ನವೆಂಬರ್ 29, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಕೆಂಪು ಕೂದಲಿನ ಹುಡುಗ. ಮನೆಯಲ್ಲಿ ನಾಲ್ಕು ಕಾಲಿನ ದೊಡ್ಡ ರೇಡಿಯೋ ಪೆಟ್ಟಿಗೆ. ಎಂಟು ವರ್ಷದ ಈ ಹುಡುಗ ಒಂದು ದಿಂಬು, ಬಿಸ್ಕತ್ತು, ಒಂದು ಲೋಟ ಹಾಲು ಹಿಡಿದುಕೊಂಡು ಆ ಪೆಟ್ಟಿಗೆಯ ಕಾಲುಗಳ ನಡುವೆ ನುಸುಳಿ, ಸ್ಪೀಕರಿನ ಕೆಳಗೇ ತಲೆ ಇಟ್ಟು ಮಲಗುತ್ತಿದ್ದ. ಬರುತ್ತಿದ್ದದ್ದು ಎಲ್ಲೋ ದೂರದ ಊರಿನ ಕಾಲೇಜು ಫುಟ್‌ಬಾಲ್ ಪಂದ್ಯ. ಯಾರು ಗೆದ್ದರೂ ಅವನಿಗೆ ಒಂದೇ. ಅವನಿಗೆ ಬೇಕಾಗಿದ್ದದ್ದು ಜನರ ಬೊಬ್ಬೆ. ಆ ಗದ್ದಲ ಮೇಲಿನಿಂದ ಷವರ್ ನೀರಿನ ಹಾಗೆ ಮೈಮೇಲೆ ಸುರಿಯುತ್ತಿತ್ತು ಎಂದು ಮುಂದೆ ಸ್ಕಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಇದನ್ನು ಓದಿದಾಗ ನನಗೆ ನಮ್ಮ ಕುಂದಾಪುರ ಕಡೆಯ ಮನೆ ನೆನಪಾಯಿತು. 1983ರ ವಿಶ್ವಕಪ್ ಹೊತ್ತಿಗೆ ನಮ್ಮಲ್ಲಿ ಟಿವಿ ಇರಲಿಲ್ಲ. ಅಪ್ಪ ರೇಡಿಯೋ ಕಿವಿ ಹಿಂಡುತ್ತಾ ಕೂತಿರುತ್ತಿದ್ದರು. ಕಾಮೆಂಟರಿಯ ಇಂಗ್ಲಿಷ್ ನನಗೆ ಕಾಲುಭಾಗವೂ ತಿಳಿಯುತ್ತಿರಲಿಲ್ಲ. ವಿಕೆಟ್ ಬಿತ್ತೋ ಇಲ್ಲವೋ ಎಂದು ಗೊತ್ತಾಗುತ್ತಿದ್ದದ್ದು ಜನರ ಗದ್ದಲದಿಂದ. ನಿಮಗೂ ಇಂಥ ನೆನಪಿರಬಹುದು.

1936ರ ಅಕ್ಟೋಬರ್ 2ರಂದು ಇನ್ನೊಂದು ಘಟನೆ. ಶಾಲೆಯಿಂದ ಬರುತ್ತಿದ್ದ ಹುಡುಗ ಒಬ್ಬ ಚೀನೀಯನ ಲಾಂಡ್ರಿ ಅಂಗಡಿಯ ಮುಂದೆ ನಿಂತ. ಕಿಟಕಿಯಲ್ಲಿ ವರ್ಲ್ಡ್ ಸೀರೀಸ್ ಪಂದ್ಯದ ಫಲಿತಾಂಶ ಅಂಟಿಸಿದ್ದರು: ಯಾಂಕೀಸ್ 18, ಜೈಂಟ್ಸ್ 4. 'ಅಯ್ಯೋ ಪಾಪ' ಅನ್ನಿಸಿತು. ಅವತ್ತಿನಿಂದ ಸೋತ ಜೈಂಟ್ಸ್ ಅವನ ಟೀಮು. ಈ ತಾರೀಖು ನೆನಪಿಡಿ, ಮುಂದೆ ಬೇಕಾಗುತ್ತದೆ.

ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಓದು, ಅಲ್ಲಿನ ವಿದ್ಯಾರ್ಥಿ ರೇಡಿಯೋದಲ್ಲಿ ಅಭ್ಯಾಸ. ಆಮೇಲೆ ನೂರಕ್ಕೂ ಹೆಚ್ಚು ರೇಡಿಯೋ ಕೇಂದ್ರಗಳಿಗೆ ಅರ್ಜಿ ಹಾಕಿದಾಗ ವಾಷಿಂಗ್ಟನ್ನಿನ ಒಂದು ಕೇಂದ್ರದಲ್ಲಿ ಬೇಸಿಗೆಯ ಬದಲಿ ಕೆಲಸ ಸಿಕ್ಕಿತು. 1949ರ ನವೆಂಬರಿನಲ್ಲಿ ಬ್ರೂಕ್ಲಿನ್ ಡಾಜರ್ಸ್ ತಂಡದ ಹೆಸರಾಂತ ಕಾಮೆಂಟೇಟರ್ ರೆಡ್ ಬಾರ್ಬರ್ ಈ ಹುಡುಗನನ್ನು ಬಾಸ್ಟನ್ನಿನ ಒಂದು ಫುಟ್‌ಬಾಲ್ ಪಂದ್ಯಕ್ಕೆ ಕಳಿಸಿದರು. ಒಳಗೆ ಬೆಚ್ಚಗಿನ ಕೋಣೆ ಇರುತ್ತದೆ ಎಂದುಕೊಂಡು ಹುಡುಗ ಕೋಟು, ಕೈಗವಸು ಎಲ್ಲ ಹೋಟೆಲಿನಲ್ಲೇ ಬಿಟ್ಟು ಹೋದ. ಅಲ್ಲಿ ನೋಡಿದರೆ ಫೆನ್ವೇ ಪಾರ್ಕಿನ ಮಾಡಿನ ಮೇಲೆ ಜಾಗ! ಕೈಯಲ್ಲಿ ಮೈಕು, ಉದ್ದದ ವೈರು, ಕೊರೆಯುವ ಗಾಳಿ. ಇಡೀ ಪಂದ್ಯ ಹಾಗೇ ಹೇಳಿ ಮುಗಿಸಿದ. ಚಳಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೆಲವು ದಿನದ ನಂತರ ಬಾಸ್ಟನ್ನಿನವರು ಬಾರ್ಬರ್ ಬಳಿ ಕ್ಷಮೆ ಕೇಳಿದಾಗಲೇ ಅವರಿಗೆ ವಿಷಯ ತಿಳಿದದ್ದು. ಕೇಳಿದವರಿಗೆ ಪಂದ್ಯ ಕಾಣಿಸಿತು, ಹೇಳಿದವನ ಚಳಿ ಕಾಣಿಸಲಿಲ್ಲ. ಬಾರ್ಬರ್‌ಗೆ ಇಷ್ಟು ಸಾಕಾಯಿತು.

ಕೆಲಸ ಖಾಲಿಯಾದದ್ದೂ ತಮಾಷೆಯ ಕಥೆ. 1948ರಲ್ಲಿ ಡಾಜರ್ಸ್ ತಂಡದವರು ಅಟ್ಲಾಂಟಾದಲ್ಲಿದ್ದ ಎರ್ನಿ ಹಾರ್ವೆಲ್ ಎಂಬ ಕಾಮೆಂಟೇಟರನ್ನು ಪಡೆಯಲು ಬದಲಿಗೆ ಕ್ಲಿಫ್ ಡ್ಯಾಪರ್ ಎಂಬ ಆಟಗಾರನನ್ನೇ ಕೊಟ್ಟಿದ್ದರು. ನಮ್ಮ ಬ್ಯಾಂಕಿನಲ್ಲಿ ಮ್ಯೂಚುವಲ್ ಟ್ರಾನ್ಸ್‌ಫರ್ ಕಂಡಿದ್ದೇನೆ, ಇಂಥದ್ದು ಕಂಡಿಲ್ಲ! ಆ ಹಾರ್ವೆಲ್ ಎದುರಾಳಿ ಜೈಂಟ್ಸ್ ತಂಡಕ್ಕೆ ಹೋದಾಗ ಅವರ ಕುರ್ಚಿ 22 ವರ್ಷದ ಸ್ಕಲ್ಲಿಗೆ ಸಿಕ್ಕಿತು. 1950ರ ಏಪ್ರಿಲ್.

ಬಾರ್ಬರ್ ಕಟ್ಟುನಿಟ್ಟಿನ ಗುರು. ಮೇಜಿನ ಮೇಲೆ ಮೊಟ್ಟೆ ಬೇಯಿಸಲು ಬಳಸುವ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಂಡಿರುತ್ತಿದ್ದರು. ಮರಳು ಇಳಿದಾಗಲೆಲ್ಲ ಸ್ಕೋರ್ ಹೇಳಬೇಕು, ಏಕೆಂದರೆ ಆಗಷ್ಟೇ ರೇಡಿಯೋ ಹಾಕಿದವನೊಬ್ಬ ಇದ್ದೇ ಇರುತ್ತಾನೆ. ಸ್ಕಲ್ಲಿ ಒಮ್ಮೆ ಮಧ್ಯಾಹ್ನದ ಊಟದ ಜೊತೆ ಒಂದು ಬಿಯರ್ ಕುಡಿದದ್ದಕ್ಕೆ ಚೆನ್ನಾಗಿ ಬೈಸಿಕೊಂಡರು. ಆಮೇಲೆ ಗುರುಗಳ ಇನ್ನೊಂದು ಉಪದೇಶ: ಬೇರೆಯವರ ಕಾಮೆಂಟರಿ ಕೇಳಬೇಡ, ಈ ಕೋಣೆಗೆ ಯಾರೂ ತರಲಾಗದ ಒಂದು ವಸ್ತುವನ್ನು ನೀನು ತರುತ್ತೀಯ, ಅದು ನೀನೇ.

1953ರಲ್ಲಿ ವರ್ಲ್ಡ್ ಸೀರೀಸ್ ಸಂಭಾವನೆಯ ವಿಷಯದಲ್ಲಿ ಬಾರ್ಬರ್‌ಗೂ ಪ್ರಾಯೋಜಕರಿಗೂ ಸರಿಬರಲಿಲ್ಲ. ಶಿಷ್ಯನಿಗೆ ಕರೆ ಬಂತು. ಗುರುವಿನ ಒಪ್ಪಿಗೆ ಕೇಳಿಯೇ ಸ್ಕಲ್ಲಿ ಹೋದರು. ಆಗ ವಯಸ್ಸು 25. ಮರುವರ್ಷ ಬಾರ್ಬರ್ ಯಾಂಕೀಸ್ ಕಡೆ ಹೋದ ಮೇಲೆ ಬ್ರೂಕ್ಲಿನ್ನಿನ ಮುಖ್ಯ ದನಿ ಇವರದೇ ಆಯಿತು.

ಬ್ರೂಕ್ಲಿನ್ ಎಂದರೆ ಸೋಲಿನ ಊರು. 1941, 47, 49, 52, 53... ಐದು ಸಲ ಫೈನಲಿಗೆ ಬಂದು ಅದೇ ಯಾಂಕೀಸ್ ಕೈಯಲ್ಲಿ ಸೋತಿದ್ದರು. 1955ರ ಅಕ್ಟೋಬರ್ 4ರಂದು ಏಳನೇ ಪಂದ್ಯದಲ್ಲಿ ಜಾನಿ ಪೋಡ್ರೆಸ್ ಎಂಬ 23ರ ಹುಡುಗ 2–0ಯಿಂದ ಗೆಲ್ಲಿಸಿಕೊಟ್ಟ. ಸ್ಕಲ್ಲಿ ಬ್ರೂಕ್ಲಿನ್ ಡಾಜರ್ಸ್ ಈಗ ವಿಶ್ವ ಚಾಂಪಿಯನ್ನರು ಎಂಬ ಒಂದೇ ವಾಕ್ಯ ಹೇಳಿ ಸುಮ್ಮನಾದರು. ಅಷ್ಟು ಶಾಂತವಾಗಿ ಹೇಗೆ ಹೇಳಿದಿರಿ ಎಂದು ಇಡೀ ಚಳಿಗಾಲ ಜನ ಕೇಳಿದರಂತೆ. ಶಾಂತಿಯೂ ಇಲ್ಲ ಮಣ್ಣೂ ಇಲ್ಲ, ಇನ್ನೊಂದು ಮಾತಾಡಿದ್ದರೆ ಅತ್ತುಬಿಡುತ್ತಿದ್ದರು! ಈ ಮನುಷ್ಯನ ಮೊದಲ ದೊಡ್ಡ ಮೌನ ಇದು ಎಂದು ನನ್ನ ಲೆಕ್ಕ.

ಎರಡೇ ವರ್ಷದಲ್ಲಿ ಮಾಲೀಕ ವಾಲ್ಟರ್ ಓ'ಮ್ಯಾಲಿ ತಂಡವನ್ನೇ ಕಟ್ಟಿಕೊಂಡು ಮೂರು ಸಾವಿರ ಮೈಲಿಯಷ್ಟು ದೂರದ ಲಾಸ್ ಏಂಜಲೀಸಿಗೆ ಹೊರಟರು. ಜೈಂಟ್ಸ್ ತಂಡವೂ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ಬ್ರೂಕ್ಲಿನ್ ಜನ ಓ'ಮ್ಯಾಲಿಗೆ ಹಾಕಿದ ಶಾಪ ಇನ್ನೂ ಇಳಿದಿಲ್ಲ ಅನ್ನುತ್ತಾರೆ. ಆಡುತ್ತಿದ್ದ ಎಬೆಟ್ಸ್ ಫೀಲ್ಡನ್ನು 1960ರಲ್ಲಿ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು. ಸಂಬಳದ ಮನುಷ್ಯ ಸ್ಕಲ್ಲಿ ತಂಡದ ಹಿಂದೆ ಹೋದರು. ವರ್ಗಾವಣೆ ಆದೇಶ ಬಂದಾಗ ಪೆಟ್ಟಿಗೆ ಕಟ್ಟಿದ ನನ್ನಂಥವರು ಅದಕ್ಕೆ ಏನೂ ಅನ್ನುವ ಹಾಗಿಲ್ಲ.

1958ರಲ್ಲಿ ಹೊಸ ಊರಿನಲ್ಲಿ ಆಡಲು ಸರಿಯಾದ ಮೈದಾನವೇ ಇರಲಿಲ್ಲ. ಕೊಲಿಸಿಯಂ ಎಂಬ ಒಲಿಂಪಿಕ್ಸ್‌ಗೆ ಬಳಸಿದ ದೊಡ್ಡ ಕ್ರೀಡಾಂಗಣದಲ್ಲಿ ನಾಲ್ಕು ವರ್ಷ ಕಳೆದರು. 90 ಸಾವಿರಕ್ಕೂ ಹೆಚ್ಚು ಜನ ಕೂರುವ ಅಂಡಾಕಾರದ ಜಾಗ. ಹಿಂದಿನ ಸಾಲಿನಲ್ಲಿ ಕೂತವನಿಗೆ ಆಟಗಾರರು ಇರುವೆಗಳ ಹಾಗೆ. ಆಟವೋ ಬಹಳ ಜನಕ್ಕೆ ಹೊಸದು. ಸರಿಯಾಗಿ ಅದೇ ಕಾಲಕ್ಕೆ ಜೇಬಿನಲ್ಲಿ ಹಿಡಿಯುವ ಟ್ರಾನ್ಸಿಸ್ಟರ್ ಬಂದಿತ್ತು (ಮೊದಲನೆಯದು 1954ರಲ್ಲಿ, ಬೆಲೆ 49.95 ಡಾಲರ್). ಜನ ಟಿಕೆಟ್ ಕೊಂಡು ಒಳಗೆ ಬಂದು, ಕಣ್ಣೆದುರಿಗೇ ನಡೆಯುತ್ತಿರುವ ಪಂದ್ಯವನ್ನು ರೇಡಿಯೋದಲ್ಲಿ ಕೇಳತೊಡಗಿದರು! ಕಣ್ಣಿನಿಂದ ನೋಡಿದ್ದು ನಿಜ ಅನ್ನಿಸಲು ಸ್ಕಲ್ಲಿ ಹೇಳಬೇಕಾಗಿತ್ತು. ಸಾವಿರಾರು ಟ್ರಾನ್ಸಿಸ್ಟರುಗಳ ಸದ್ದು ಸೇರಿ ಮೈದಾನದಲ್ಲೇ ಅವರ ದನಿ ಕೇಳಿಸುತ್ತಿತ್ತು. 1960ರಲ್ಲಿ ಒಂದು ದಿನ ಅಂಪೈರ್ ಫ್ರಾಂಕ್ ಸೆಕೊರಿಯ ಹುಟ್ಟುಹಬ್ಬ ಎಂದು ತಿಳಿದು, ನಾನು ಒಂದು ಎರಡು ಮೂರು ಎಂದಾಗ ಎಲ್ಲರೂ ಶುಭಾಶಯ ಕೂಗಿ ಎಂದು ಮೈಕಿನಲ್ಲಿ ಹೇಳಿದರು. ಇಡೀ ಮೈದಾನ ಕೂಗಿತು. ಅಂಪೈರ್ ಬೆಚ್ಚಿಬಿದ್ದರು.

ಓ'ಮ್ಯಾಲಿ ವ್ಯಾಪಾರಸ್ಥ. ಊರಿನಲ್ಲಿ ನಡೆಯುವ ಪಂದ್ಯಗಳನ್ನು ಟಿವಿಗೆ ಕೊಡುತ್ತಿರಲಿಲ್ಲ, ರೇಡಿಯೋ ಮಾತ್ರ. ಸ್ಕಲ್ಲಿ ಮಾತು ಪುಕ್ಕಟೆ ಕೇಳಿ ಆಸೆ ಹುಟ್ಟಿದವನು ಟಿಕೆಟ್ ಕೊಳ್ಳಲಿ ಎಂಬ ಲೆಕ್ಕ. ಲೆಕ್ಕ ತಪ್ಪಲಿಲ್ಲ. 1962ರಲ್ಲಿ ಚಾವೇಸ್ ರವೀನ್ ಎಂಬಲ್ಲಿ ಸ್ವಂತ ಕ್ರೀಡಾಂಗಣ ಎದ್ದಿತು. ಆ ಜಾಗದ ಕಥೆ ಅಷ್ಟು ಚೆನ್ನಾಗಿಲ್ಲ. ಅಲ್ಲಿದ್ದ ಮೆಕ್ಸಿಕನ್ ಮೂಲದ ಬಡವರನ್ನು ಸರಕಾರಿ ವಸತಿ ಯೋಜನೆ ಎಂದು ಹೇಳಿ ಎಬ್ಬಿಸಿದ್ದರು. ಯೋಜನೆ ರದ್ದಾಯಿತು, ಜಾಗ ತಂಡಕ್ಕೆ ಹೋಯಿತು, ಕೊನೆಯ ಕುಟುಂಬಗಳನ್ನು 1959ರಲ್ಲಿ ಪೊಲೀಸರು ಹೊತ್ತು ಹೊರಹಾಕಿದರು.

ಅದೇ 1959ರಲ್ಲಿ ತಂಡದ ಸ್ಪ್ಯಾನಿಷ್ ಕಾಮೆಂಟರಿಗೆ ಹೈಮೆ ಹರೀನ್ ಸೇರಿಕೊಂಡರು. ಎಕ್ವಡಾರ್ ದೇಶದಿಂದ 1955ರಲ್ಲಿ ವಲಸೆ ಬಂದವರು, ಬರುವಾಗ ಬೇಸ್‌ಬಾಲ್ ಕಂಡೇ ಇರಲಿಲ್ಲ. ಆಗ ಹೊರ ಊರಿನ ಪಂದ್ಯಕ್ಕೆ ಸ್ಪ್ಯಾನಿಷ್ ತಂಡವನ್ನು ಕಳಿಸುತ್ತಿರಲಿಲ್ಲ. ಹರೀನ್ ಸ್ಟುಡಿಯೋದಲ್ಲಿ ಕೂತು, ಕಿವಿಗೆ ಸ್ಕಲ್ಲಿಯ ಇಂಗ್ಲಿಷ್ ಹಾಕಿಕೊಂಡು, ಬಾಯಲ್ಲಿ ಸ್ಪ್ಯಾನಿಷ್ ಹೇಳುತ್ತಿದ್ದರು. ವಿವರ ಬೇಕಾದಷ್ಟು ಬರುತ್ತಿತ್ತು, ಏಕೆಂದರೆ ಸ್ಕಲ್ಲಿ ಗಾಳಿಯ ದಿಕ್ಕನ್ನೂ ಬಿಡುತ್ತಿರಲಿಲ್ಲ. 1981ರಲ್ಲಿ ಮೆಕ್ಸಿಕೋದಿಂದ ಬಂದ ಫರ್ನಾಂಡೋ ವಾಲೆನ್ಸುವೆಲಾ ಎಂಬ ಎಸೆತಗಾರ ಊರಿಗೆ ಹುಚ್ಚು ಹಿಡಿಸಿದಾಗ ಅವನ ದುಭಾಷಿಯೂ ಹರೀನ್ ಅವರೇ. 2022ರವರೆಗೆ, ಒಟ್ಟು 64 ವರ್ಷ ಅವರು ಮೈಕ್ ಹಿಡಿದರು. ಇನ್ನೊಂದು ಭಾಷೆಯ ಊರಿನಲ್ಲಿ ಮನೆ ಮಾಡಿ, ಮನೆಯೊಳಗೆ ತನ್ನ ಭಾಷೆ ಇಟ್ಟುಕೊಂಡವರ ಬಗ್ಗೆ ಓದುವಾಗ ನಾವು ಮುಂಬಯಿ ಕನ್ನಡಿಗರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ, ಕ್ಷಮಿಸಿ.

ಸ್ಕಲ್ಲಿ ಸ್ಥಳೀಯ ಪಂದ್ಯಗಳಿಗೆ ಒಬ್ಬರೇ ಕೂರುತ್ತಿದ್ದರು. ಪಕ್ಕದಲ್ಲಿ ಪರಿಣತರಿಲ್ಲ. ಇಬ್ಬರಿದ್ದರೆ ಅವರಿಬ್ಬರೇ ಮಾತಾಡಿಕೊಳ್ಳುತ್ತಾರೆ, ನಾನು ಮಾತಾಡಬೇಕಾದದ್ದು ಕೇಳುವವನ ಜೊತೆ ಎಂಬುದು ಅವರ ನಿಲುವು. ನಮ್ಮ ಮುಂಬಯಿಯಲ್ಲೂ ಇಂಥ ಒಬ್ಬರಿದ್ದರು, ಬಾಬಿ ತಲ್ಯಾರ್‌ಖಾನ್. 1934ರಿಂದ ಇಲ್ಲಿನ ಕ್ರಿಕೆಟ್ ಪಂದ್ಯಗಳಿಗೆ ದಿನವಿಡೀ ಒಬ್ಬರೇ ಕಾಮೆಂಟರಿ ಹೇಳಿದವರು. ಜೊತೆಗೆ ಬೇರೆಯವರನ್ನೂ ಕೂರಿಸುತ್ತೇವೆ ಎಂದು ಆಕಾಶವಾಣಿ ಹೇಳಿದಾಗ ಮೈಕ್ ಬಿಟ್ಟು ನಡೆದರು. ಸ್ಕಲ್ಲಿಗೆ ಅಂಥ ಹಟ ಇರಲಿಲ್ಲ. ರಾಷ್ಟ್ರೀಯ ಟಿವಿಯವರು ಜೊತೆಗಾರನನ್ನು ಕೊಟ್ಟರೆ ಹೊಂದಿಕೊಳ್ಳುತ್ತಿದ್ದರು. ತಂಡದ ಸಂಬಳ ತಿಂದರೂ ಮೈಕಿನ ಮುಂದೆ 'ನಾವು', 'ನಮ್ಮವರು' ಎನ್ನುತ್ತಿರಲಿಲ್ಲ. ಇವತ್ತಿನ ನಮ್ಮ ಕ್ರಿಕೆಟ್ ಕಾಮೆಂಟೇಟರುಗಳು ಇದನ್ನು ಓದಲಿ ಅಂತ ಆಸೆ.

ಇನ್ನು ಆ ಮೌನಗಳ ವಿಷಯಕ್ಕೆ ಬರುತ್ತೇನೆ.

1965ರ ಸೆಪ್ಟೆಂಬರ್ 9ರ ರಾತ್ರಿ ಸ್ಯಾಂಡಿ ಕೂಫ್ಯಾಕ್ಸ್ ಶಿಕಾಗೋ ತಂಡದ 27 ಜನರನ್ನೂ ಸಾಲಾಗಿ ಔಟ್ ಮಾಡಿದ. ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಪಂದ್ಯ 1–0. ಕೊನೆಯ ಇನ್ನಿಂಗ್ಸಿನಲ್ಲಿ ಸ್ಕಲ್ಲಿ ಮತ್ತೆ ಮತ್ತೆ ಗಡಿಯಾರದ ಸಮಯ ಹೇಳುತ್ತಾರೆ. ಧ್ವನಿಮುದ್ರಣವನ್ನು ಆಟಗಾರನಿಗೆ ನೆನಪಿಗೆಂದು ಕೊಡುವಾಗ ದಿನ, ಹೊತ್ತು ಗೊತ್ತಿರಲಿ ಎಂದು. ಆ ಒಂಬತ್ತು ನಿಮಿಷ ಚಿಲ್ಲರೆಯನ್ನು ನಾನು ಲೋಕಲ್ ಟ್ರೈನಿನಲ್ಲಿ ಕೇಳಿದ್ದೇನೆ. ನಿಯಮ ಸರಿಯಾಗಿ ಗೊತ್ತಿಲ್ಲದಿದ್ದರೂ ಅಂಗೈ ಬೆವರಿತು. 9 ಗಂಟೆ 46 ನಿಮಿಷಕ್ಕೆ ಕೊನೆಯ ಸ್ಟ್ರೈಕ್. ಆಮೇಲೆ ಅರ್ಧ ನಿಮಿಷಕ್ಕೂ ಹೆಚ್ಚು ಬರೀ ಜನರ ಗದ್ದಲ. ರೇಡಿಯೋದಲ್ಲಿ ಇದಕ್ಕೆ ಧೈರ್ಯ ಬೇಕು. ಮಾತು ನಿಂತರೆ ಕೇಳುವವನ ಪಾಲಿಗೆ ಆಟವೇ ಮಾಯ.

1974ರ ಏಪ್ರಿಲ್ 8, ಅಟ್ಲಾಂಟಾ. ಬೇಬ್ ರೂತ್ ಹೆಸರಿನಲ್ಲಿದ್ದ 714 ಹೋಮ್ ರನ್‌ಗಳ ದಾಖಲೆಯನ್ನು ಹ್ಯಾಂಕ್ ಆರನ್ ಮುರಿದದ್ದು ಡಾಜರ್ಸ್ ವಿರುದ್ಧವೇ. ಬಿಳಿಯನ ದಾಖಲೆಯನ್ನು ಕಪ್ಪು ಮನುಷ್ಯ ಮುರಿಯಬಾರದು ಎಂದು ಆರನ್‌ಗೆ ರಾಶಿ ರಾಶಿ ದ್ವೇಷದ ಪತ್ರಗಳು, ಕೊಲೆ ಬೆದರಿಕೆಗಳು ಬಂದಿದ್ದವು. ಚೆಂಡು ಬೇಲಿ ದಾಟಿತು ಎಂದು ಹೇಳಿ ಸ್ಕಲ್ಲಿ ಮೈಕ್ ಬಿಟ್ಟು ಕೋಣೆಯ ಹಿಂಬದಿಗೆ ಹೋಗಿ ನಿಂತರು. ಗದ್ದಲವನ್ನು ಕೇಳಲು ಬಿಟ್ಟು ಮರಳಿ ಬಂದು ಆಡಿದ ಮಾತು ಮುಖ್ಯ: ದಕ್ಷಿಣದ ನೆಲದಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾರೆ ಎಂದು. ಎಲ್ಲರಿಗೂ ಕಾಣುತ್ತಿದ್ದದ್ದನ್ನು, ಹೇಳಲು ಬಹಳ ಜನ ಹಿಂಜರಿಯುತ್ತಿದ್ದದ್ದನ್ನು, ಆಟದ ನಡುವೆಯೇ ಹೇಳಿದರು. ಅಂದ ಹಾಗೆ ಆ ಚೆಂಡಿನ ಹಿಂದೆ ಬೇಲಿಯವರೆಗೆ ಓಡಿದ ಫೀಲ್ಡರ್ ಬಿಲ್ ಬಕ್ನರ್. 1986ರ ವರ್ಲ್ಡ್ ಸೀರೀಸಿನಲ್ಲಿ ಕಾಲಸಂದಿಯಲ್ಲಿ ಚೆಂಡು ಬಿಟ್ಟು ಬಾಸ್ಟನ್ ಜನರ ಬೈಗುಳಕ್ಕೆ ಗುರಿಯಾದ ಪಾಪದ ಮನುಷ್ಯ ಅವನೇ. ಅದಕ್ಕೂ ಕಾಮೆಂಟರಿ ಸ್ಕಲ್ಲಿಯದೇ, ಆಮೇಲಿನ ದೀರ್ಘ ಮೌನವೂ.

1988ರ ಅಕ್ಟೋಬರ್ 15. ಎರಡೂ ಕಾಲು ನೋವಾಗಿ ಕುಂಟುತ್ತಿದ್ದ ಕರ್ಕ್ ಗಿಬ್ಸನ್ ಕೊನೆಯ ಗಳಿಗೆಯಲ್ಲಿ ಬ್ಯಾಟ್ ಹಿಡಿದು ಬಂದು ಹೋಮ್ ರನ್ ಹೊಡೆದು ಗೆಲ್ಲಿಸಿದ. ಸ್ಕಲ್ಲಿ ಒಂದು ನಿಮಿಷಕ್ಕೂ ಹೆಚ್ಚು ಬಾಯಿ ತೆರೆಯಲಿಲ್ಲ. ನಂಬಲಾಗದ ವರ್ಷದಲ್ಲಿ ಅಸಾಧ್ಯವಾದದ್ದೂ ನಡೆದುಹೋಯಿತು ಎಂಬರ್ಥದ ಒಂದು ಮಾತು, ಅಷ್ಟೇ. ರೇಡಿಯೋ ಪೆಟ್ಟಿಗೆ ಕೆಳಗೆ ಮಲಗಿ ಗದ್ದಲ ಕೇಳುತ್ತಿದ್ದ ಹುಡುಗ ದೊಡ್ಡವನಾದ ಮೇಲೂ ಅದನ್ನೇ ಕೇಳಲು ಬಯಸಿದ, ನಮಗೂ ಕೇಳಿಸಿದ.

ಮನೆಯ ಬದುಕು ಸುಲಭವಾಗಿರಲಿಲ್ಲ. 1972ರಲ್ಲಿ ಮೊದಲ ಹೆಂಡತಿ ಔಷಧಿ ಹೆಚ್ಚಾಗಿ ತೀರಿಕೊಂಡರು. 1994ರಲ್ಲಿ ಮಗ ಹೆಲಿಕಾಪ್ಟರ್ ಅಪಘಾತದಲ್ಲಿ ಹೋದ. ಎರಡೂ ಸಲ ಅವರು ಕೆಲಸಕ್ಕೆ ಮರಳಿದರು.

ಈಗ ನನ್ನ ವೃತ್ತಿಗೆ ಸೇರಿದ ಲೆಕ್ಕ. 2013ರಲ್ಲಿ ಡಾಜರ್ಸ್ ತಂಡ ಸ್ವಂತ ಚಾನೆಲ್‌ಗೆ ಒಂದು ಕೇಬಲ್ ಕಂಪನಿಯ ಜೊತೆ 25 ವರ್ಷಕ್ಕೆ 835 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 33 ಕೋಟಿ ಚಿಲ್ಲರೆ. ಆ ದುಡ್ಡು ಎತ್ತಬೇಕಲ್ಲ? ಕಂಪನಿ ಉಳಿದ ಕೇಬಲ್, ಡಿಶ್ ಕಂಪನಿಗಳಿಂದ ಪ್ರತಿ ಮನೆಗೆ ಇಷ್ಟು ಎಂದು ಕೇಳಿತು. ಅವರು ಒಲ್ಲೆ ಎಂದರು. 2014ರಿಂದ ಲಾಸ್ ಏಂಜಲೀಸಿನ ಸುಮಾರು 70 ಶೇಕಡಾ ಮನೆಗಳಿಗೆ ಚಾನೆಲ್ ಬರಲೇ ಇಲ್ಲ. ಸ್ಕಲ್ಲಿಯ ಕೊನೆಯ ಮೂರು ವರ್ಷ ಹೋದದ್ದು ಹೀಗೆ. ಒಪ್ಪಂದದ ಪ್ರಕಾರ ಎಲ್ಲ ಸರಿಯೇ. ಆದರೆ ಓ'ಮ್ಯಾಲಿ ಪುಕ್ಕಟೆ ಹಂಚಿ ಬೆಳೆಸಿದ ಗಿರಾಕಿಗಳು ಅದೇ ಮನೆಯವರು. ವೃದ್ಧಾಶ್ರಮದಲ್ಲಿದ್ದ, ಕೊಲಿಸಿಯಂಗೆ ಟ್ರಾನ್ಸಿಸ್ಟರ್ ಹಿಡಿದು ಹೋಗಿದ್ದ ತಲೆಮಾರು ಅದು. ಅವರ ಬಾಕಿ ಯಾವ ಲೆಡ್ಜರಿನಲ್ಲೂ ಇರಲಿಲ್ಲ. ಕೊನೆಗೆ 2016ರಲ್ಲಿ ಅವರ ಕಡೆಯ ಆರು ಪಂದ್ಯಗಳನ್ನು ಮಾತ್ರ ಎಲ್ಲರಿಗೂ ಸಿಗುವ ಚಾನೆಲ್‌ನಲ್ಲಿ ತೋರಿಸಿದರು.

ಕೊನೆಯ ಪಂದ್ಯ 2016ರ ಅಕ್ಟೋಬರ್ 2ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಜೈಂಟ್ಸ್ ವಿರುದ್ಧ. ಲಾಂಡ್ರಿ ಅಂಗಡಿಯ ಮುಂದೆ ನಿಂತ ದಿನದಿಂದ ಸರಿಯಾಗಿ 80 ವರ್ಷ. ಅವತ್ತು ಜೈಂಟ್ಸ್ 7–1ರಿಂದ ಗೆದ್ದರು! 67 ಸೀಸನ್ ಮುಗಿದವು. ಅದೇ ನವೆಂಬರಿನಲ್ಲಿ ಅಧ್ಯಕ್ಷ ಒಬಾಮಾ ದೇಶದ ಅತ್ಯುನ್ನತ ನಾಗರಿಕ ಪದಕ ಕೊಟ್ಟರು.

ಉಳಿದ ಮನೆಗಳಿಗೆ ಆ ಚಾನೆಲ್ ಬಂದದ್ದು 2020ರಲ್ಲಿ. ಆಗ ಸ್ಕಲ್ಲಿ ಮೈಕ್ ಇಟ್ಟು ನಾಲ್ಕು ವರ್ಷವಾಗಿತ್ತು. 2022ರ ಆಗಸ್ಟ್ 2ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಅವತ್ತೂ ಡಾಜರ್ಸ್ ಆಡುತ್ತಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲೇ. ಮರುದಿನ ಅಣ್ಣನ ಮಗ ಫೋನ್ ಮಾಡಿದ. ಟಿವಿಯಲ್ಲಿ ಹಳೆಯ ಪಂದ್ಯಗಳನ್ನು ಹಾಕುತ್ತಿದ್ದರಂತೆ. ಗಿಬ್ಸನ್ ಹೊಡೆದ ಹೊಡೆತ ಬಂತಂತೆ. ಅವನ ಆರು ವರ್ಷದ ಮಗಳು, ಮಾತಾಡುವವರು ಎಲ್ಲಿ ಹೋದರು ಅಂತ ರಿಮೋಟ್ ತೆಗೆದುಕೊಂಡು ವಾಲ್ಯೂಮ್ ಜೋರು ಮಾಡಿದಳಂತೆ. ಮನೆ ತುಂಬ ಬರೀ ಜನರ ಗದ್ದಲ.